ಬಾಗಿಲಿಲ್ಲದ ಚಾವಡಿ, ಬೀಗವಿರುವ ಭವನ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಳ್ಳಿಗಳಲ್ಲಿ ಒಂದು ಬಗೆಯ ಕಟ್ಟಡ ಮತ್ತೆ ಮತ್ತೆ ಎದುರಾಗುತ್ತದೆ. ಉದ್ದನೆಯ ಹಾಲು, ಮುಂದೆ ಒಂದಿಷ್ಟು ಮೆಟ್ಟಿಲು, ಒಂದು ತುದಿಗೆ ವೇದಿಕೆ, ಹಿಂಬದಿಗೆ ಅಡುಗೆ ಕೋಣೆ. ಗೋಡೆಗೆ ಹುದುಗಿಸಿದ ಕಲ್ಲಿನ ಮೇಲೆ ಉದ್ಘಾಟಿಸಿದವರ ಹೆಸರು, ಅನುದಾನದ ಮೊತ್ತ. ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಸಮುದಾಯ ಭವನ’.

ಇದರಲ್ಲಿ ವಿಶೇಷವೇನಿದೆ ಎಂದು ಯಾರಾದರೂ ಕೇಳಬಹುದು. ಕೋಟೆಯಲ್ಲ, ಶಾಸನವಿಲ್ಲ, ಶಿಲ್ಪವಂತೂ ಇಲ್ಲವೇ ಇಲ್ಲ. ಆದರೆ ಹಳ್ಳಿಯಲ್ಲಿ ಯಾರು ಯಾರ ಪಕ್ಕದಲ್ಲಿ ಕೂರಬಹುದು ಎಂಬ ಹಳೆಯ ಪ್ರಶ್ನೆಗೆ ಕಳೆದ ನೂರು ವರ್ಷಗಳಲ್ಲಿ ಸಿಕ್ಕ ಉತ್ತರಗಳನ್ನು ಹುಡುಕುವವರಿಗೆ ಈ ಕಟ್ಟಡಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ‘ಸಮುದಾಯ’ ಎಂಬ ಮಾತೇ ಈ ಅವಧಿಯಲ್ಲಿ ಅರ್ಥ ಬದಲಿಸಿದೆ. ಒಂದು ಕಾಲಕ್ಕೆ ಅದು ಇಡೀ ಊರು. ಇಂದು ಬಹಳ ಕಡೆ ಅದು ಊರಿನ ಒಂದು ಕೇರಿ.

ಭವನಕ್ಕೂ ಮೊದಲು ಇದ್ದದ್ದು ಚಾವಡಿ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಪಟೇಲ ಮತ್ತು ಶಾನುಭೋಗ ಕುಳಿತು ಕಂದಾಯದ ಲೆಕ್ಕ ನೋಡುತ್ತಿದ್ದ ಸ್ಥಳ ಅದು. ಸರ್ಕಾರಿ ಅಧಿಕಾರಿ ಬಂದರೆ ಇಳಿಯುತ್ತಿದ್ದುದು ಅಲ್ಲಿ, ದಾರಿಹೋಕರು ರಾತ್ರಿ ಮಲಗುತ್ತಿದ್ದುದು ಅಲ್ಲಿ, ಬೇಲಿ ಜಗಳ, ನೀರಿನ ಜಗಳ, ಅಣ್ಣತಮ್ಮಂದಿರ ಪಾಲು ಇವೆಲ್ಲ ಇತ್ಯರ್ಥವಾಗುತ್ತಿದ್ದುದೂ ಅಲ್ಲಿಯೇ. ಕಲ್ಲು ಅಥವಾ ಮರದ ಕಂಬಗಳು, ಎತ್ತರದ ಜಗಲಿ, ಮೇಲೆ ನಾಡಹೆಂಚು. ಬಹುಪಾಲು ಚಾವಡಿಗಳಿಗೆ ಮುಂಗಡೆ ಗೋಡೆಯೇ ಇರುತ್ತಿರಲಿಲ್ಲ. ಗೋಡೆಯೇ ಇಲ್ಲದ ಮೇಲೆ ಬಾಗಿಲಿನ ಮಾತೆಲ್ಲಿ?

ಚಾವಡಿ ಇಲ್ಲದ ಕಡೆ ಅರಳಿಕಟ್ಟೆ ಇತ್ತು. ಅದೂ ಇಲ್ಲದಿದ್ದರೆ ಪಟೇಲರ ಮನೆಯ ಜಗಲಿ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ವಾಸವಾಗಿದ್ದು, ಅದಕ್ಕೆ ‘ರಾಂಪುರ’ ಎಂಬ ಹೆಸರಿಟ್ಟು 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಪುಸ್ತಕ ಬರೆದರು. ಆ ಪುಸ್ತಕದ ಊರಿನಲ್ಲಿ ಅಧಿಕಾರ ನಡೆಯುವುದು ಕಚೇರಿಯಲ್ಲಲ್ಲ, ಪಟೇಲರ ಮನೆಯ ಮುಂದೆ. ಸಾಲ ಕೇಳುವವರು, ದೂರು ತಂದವರು, ಸುಮ್ಮನೆ ಕಾಲ ಕಳೆಯುವವರು ಎಲ್ಲರೂ ಬಂದು ಸೇರುವುದು ಅಲ್ಲಿಗೇ. ಶ್ರೀನಿವಾಸ್ ಅವರು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಸಿಕ್ಕಿ, ಪುಸ್ತಕವನ್ನು ಬಹುಮಟ್ಟಿಗೆ ನೆನಪಿನಿಂದ ಬರೆಯಬೇಕಾಯಿತೆಂಬುದು ಬೇರೆಯದೇ ಕಥೆ.

ಊರ ಚಾವಡಿಯ ಜೊತೆಗೆ ಜಾತಿಗೊಂದು ನ್ಯಾಯಕಟ್ಟೆಯೂ ಇತ್ತೆಂಬುದನ್ನು ಮರೆಯಬಾರದು. ಮೈಸೂರು ಸೀಮೆಯಲ್ಲಿ ಹಲವು ಜಾತಿಗಳ ಯಜಮಾನಿಕೆ ‘ಗಡಿ’, ‘ಕಟ್ಟೆಮನೆ’ ಎಂಬ ಹೆಸರಿನಲ್ಲಿ ಹಲವಾರು ಹಳ್ಳಿಗಳನ್ನು ಸೇರಿಸಿಕೊಂಡು ನಡೆಯುತ್ತಿತ್ತು. ಮದುವೆ, ಕೂಡಿಕೆ, ಬಿಡುಗಡೆ, ಕುಲದ ಕಟ್ಟಳೆ ಮೀರಿದವರಿಗೆ ತಪ್ಪುಕಾಣಿಕೆ ಇವೆಲ್ಲ ಅಲ್ಲಿನ ವಿಚಾರ. ಆದ್ದರಿಂದ ಜಾತಿಗೊಂದು ಭವನ ಇತ್ತೀಚೆಗೆ ಹುಟ್ಟಿದ ಪಿಡುಗು ಎನ್ನುವವರು ಸ್ವಲ್ಪ ಹಿಂದಕ್ಕೆ ನೋಡುವುದು ಒಳ್ಳೆಯದು.

ಚಾವಡಿಯ ಕೆಳಗೆ ನಿಂತವರು

ಚಾವಡಿಗೆ ಬಾಗಿಲಿರಲಿಲ್ಲ ನಿಜ. ಹಾಗೆಂದು ಎಲ್ಲರೂ ಹತ್ತುವಂತಿರಲಿಲ್ಲ. ಸಭೆ ಸೇರಬೇಕೆಂದು ತಮಟೆ ಬಾರಿಸಿ ಊರಿಗೆಲ್ಲ ಸಾರುವವನು ತೋಟಿ. ಸಭೆ ಸೇರಿದ ಮೇಲೆ ಅವನು ನಿಲ್ಲಬೇಕಾದದ್ದು ಜಗಲಿಯ ಕೆಳಗೆ, ಬಿಸಿಲಿನಲ್ಲಿ. ಅವನ ಕೇರಿಯವರ ಮೇಲಿನ ಆಪಾದನೆಯೇ ಅಂದಿನ ವಿಷಯವಾಗಿದ್ದರೂ ಉತ್ತರ ಕೆಳಗಿನಿಂದಲೇ ಬರಬೇಕು. ಹೆಂಗಸರು ಸಾಕ್ಷಿ ಹೇಳಲು ಬಂದರೆ ಕಂಬದ ಮರೆಗೆ. ಜಗಲಿಯ ಮೇಲೆಯೂ ಯಾರು ಗೋಡೆಗೆ ಒರಗಬಹುದು, ಯಾರು ಅಂಚಿನಲ್ಲಿ ಕೂರಬೇಕು ಎಂಬ ಲೆಕ್ಕ ಪಕ್ಕಾ ಇತ್ತು.

ಎತ್ತರದ ಈ ಲೆಕ್ಕ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಪಕ್ಕದ ಮಂಡ್ಯ ಜಿಲ್ಲೆಯ ಒಂದು ಪ್ರಸಂಗ ಸಾಕು. 1954ರಿಂದ 56ರವರೆಗೆ ಅಲ್ಲಿನ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿದ ಸ್ಕಾರ್ಲೆಟ್ ಎಪ್‌ಸ್ಟೀನ್, ‘ವಂಗಾಲ’ ಎಂದು ತಾವೇ ಹೆಸರಿಟ್ಟ ಹಳ್ಳಿಯ ಒಂದು ಜಗಳವನ್ನು 1962ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಆದಿ ಕರ್ನಾಟಕರು ನಾಟಕ ಆಡಲು ಹೊರಟರು. ನಾಟಕವೆಂದ ಮೇಲೆ ರಾಜ, ರಾಜನೆಂದ ಮೇಲೆ ಸಿಂಹಾಸನ. ತಾವು ನೆಲದ ಮೇಲೆ ಕುಳಿತು ನೋಡುವಾಗ ಅವರಲ್ಲೊಬ್ಬ ಮೇಲೆ ಸಿಂಹಾಸನದಲ್ಲಿ ಕೂರುವುದನ್ನು ಒಕ್ಕಲು ಜಾತಿಯವರು ಒಪ್ಪಲಿಲ್ಲ. ಮಾತು ಬೆಳೆದು ಕೂಲಿಗೆ ಕರೆಯುವುದನ್ನು ನಿಲ್ಲಿಸುವವರೆಗೆ ಹೋಯಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ಆಗಲೇ ಕೆಲವು ವರ್ಷಗಳಾಗಿದ್ದವು!

ಹಳೆ ಮೈಸೂರಿನ ಹಳ್ಳಿಗರಿಗೆ ನಾಟಕ ಸಣ್ಣ ಸಂಗತಿಯಲ್ಲ. ಸುಗ್ಗಿ ಮುಗಿದರೆ ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ‘ಪ್ರಾಕ್ಟೀಸ್’ ಮಾಡಿಸುತ್ತಿದ್ದುದು ಚಾವಡಿಯಲ್ಲಿ ಇಲ್ಲವೇ ರಾಮಮಂದಿರದಲ್ಲಿ. ರಾಮಮಂದಿರವೆಂದರೆ ಇಲ್ಲಿ ಗೋಪುರವಿರುವ ಗುಡಿಯಲ್ಲ, ಒಂದು ಪಟವಿಟ್ಟು ಭಜನೆ ಮಾಡುವ ಹಜಾರ. ಶನಿವಾರದ ಭಜನೆ, ರಾಮನವಮಿಯ ಪಾನಕ ಕೋಸಂಬರಿ, ಮಳೆಗಾಲದಲ್ಲಿ ಮಕ್ಕಳ ಆಟ, ವಯಸ್ಸಾದವರ ಮಧ್ಯಾಹ್ನದ ನಿದ್ದೆ ಎಲ್ಲವೂ ಅಲ್ಲಿ. ಊರಿನ ಚಾವಡಿ ಹತ್ತಲಾಗದ ಕೇರಿಗಳು ತಮ್ಮದೇ ಭಜನೆ ಮನೆ ಕಟ್ಟಿಕೊಂಡದ್ದೂ ಉಂಟು. ಮುಂದೆ ಬಂದ ಕೇರಿಯ ಭವನಗಳಿಗೆ ಹಿರಿಯಣ್ಣನೆಂದರೆ ಈ ಭಜನೆ ಮನೆಯೇ.

ಸರ್ಕಾರ ಕಟ್ಟಲು ಬಂದದ್ದು

ಹಳ್ಳಿಗೆ ಏನನ್ನಾದರೂ ಕಟ್ಟಿಕೊಡುವುದು ತನ್ನ ಕೆಲಸವೆಂದು ಮೈಸೂರು ಸಂಸ್ಥಾನಕ್ಕೆ ಅನ್ನಿಸಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1914ರಲ್ಲಿ, ಗ್ರಾಮ ಸುಧಾರಣಾ ಯೋಜನೆ ಬಂತು. ಊರಿನವರು ಸಮಿತಿ ಮಾಡಿಕೊಂಡು, ವಾರಕ್ಕೆ ಅರ್ಧ ದಿನ ಮೈಗೆಲಸ ಮಾಡಿ, ಬಾವಿ, ದಾರಿ, ಚರಂಡಿ ಸರಿಮಾಡಿಕೊಳ್ಳಬೇಕೆಂಬುದು ಅದರ ತಿರುಳು. 1926ರ ಗ್ರಾಮ ಪಂಚಾಯಿತಿ ರೆಗ್ಯುಲೇಷನ್ ಆದ ಮೇಲೆ ಪಂಚಾಯಿತಿಗಳು ಹೆಚ್ಚಿದವು. ಚಾವಡಿಯ ಪಕ್ಕಕ್ಕೆ ‘ಪಂಚಾಯಿತಿ ಹಾಲ್’ ಎಂಬ ಹೊಸ ಮಾತು ಬಂತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಆರಂಭಿಸಿದ ‘ಆಕಾಶವಾಣಿ’ಯ ದನಿ ಮುಂದೆ ಹಳ್ಳಿಗೂ ತಲುಪಿತು, ಪಂಚಾಯಿತಿಯ ರೇಡಿಯೊ ಸುತ್ತ ಸಂಜೆ ಜನ ನೆರೆಯುವುದು ರೂಢಿಯಾಯಿತು. ರೇಡಿಯೊಗೆ ಜಾತಿಯ ಎತ್ತರ ತಗ್ಗು ತಿಳಿಯದು. ಜಗಲಿಯ ಮೇಲಿದ್ದವನಿಗೂ ಕೆಳಗಿದ್ದವನಿಗೂ ಒಂದೇ ವಾರ್ತೆ.

‘ಸಮುದಾಯ’ ಎಂಬ ಪದ ಸರ್ಕಾರಿ ಕಡತಗಳಲ್ಲಿ ನೆಲೆಯೂರಿದ್ದು 1952ರ ಅಕ್ಟೋಬರ್ 2ರಂದು ದೇಶದ 55 ಪ್ರದೇಶಗಳಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ. ಗ್ರಾಮ ಸೇವಕರು, ಯುವಕ ಸಂಘ, ಮಹಿಳಾ ಮಂಡಳಿ, ಶ್ರಮದಾನ ಇವೆಲ್ಲ ಆ ಕಾಲದ ಮಾತುಗಳು. ಸಮುದಾಯವೆಂದರೆ ಒಂದು ಮನಸ್ಸಿನ ಒಂದು ಊರು ಎಂದು ಯೋಜನೆ ರೂಪಿಸಿದವರು ಭಾವಿಸಿಕೊಂಡಿದ್ದರು. ಊರು ಹಾಗಿಲ್ಲವೆಂದು ಅದೇ ಹೊತ್ತಿಗೆ ವಂಗಾಲದ ಸಿಂಹಾಸನ ಹೇಳುತ್ತಿತ್ತು.

ಚಾವಡಿಯ ಬೆನ್ನು ಮುರಿದದ್ದು ಮಾತ್ರ ಬೇರೊಂದು ಕಾನೂನು. ವಂಶಪಾರಂಪರ್ಯವಾಗಿ ಬರುತ್ತಿದ್ದ ಪಟೇಲ, ಶಾನುಭೋಗ ಮೊದಲಾದ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಮಸೂದೆ 1961ರಲ್ಲಿ ಕಾಯಿದೆಯಾಗಿ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ಲೆಕ್ಕದ ಪುಸ್ತಕಗಳು ಗ್ರಾಮಲೆಕ್ಕಿಗರ ಕೈ ಸೇರಿದವು. ಅಧಿಕಾರವೇ ಇಲ್ಲದ ಮೇಲೆ ಚಾವಡಿಗೆ ಹೆಂಚು ಹೊದಿಸುವವರು ಯಾರು? ಕೆಲವು ಕುಸಿದವು, ಕೆಲವು ಹಾಲಿನ ಡೇರಿಯಾದವು, ಕೆಲವು ನ್ಯಾಯಬೆಲೆ ಅಂಗಡಿಯಾದವು. ಇನ್ನು ಕೆಲವು ಇಸ್ಪೀಟು ಆಡುವ ಜಾಗವಾಗಿ ಉಳಿದವು.

1975 ಒಂದು ಸ್ವಾರಸ್ಯದ ವರ್ಷ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಆಗ ಮುಖ್ಯಮಂತ್ರಿ. ಅವರು 1972ರಲ್ಲಿ ನೇಮಿಸಿದ್ದ ಎಲ್.ಜಿ. ಹಾವನೂರ ಆಯೋಗ ಆ ವರ್ಷ ವರದಿ ಕೊಟ್ಟಿತು. ಹಿಂದುಳಿದವರನ್ನು ಅದು ಮೂರು ಪಟ್ಟಿ ಮಾಡಿತ್ತು: ಹಿಂದುಳಿದ ಸಮುದಾಯಗಳು, ಹಿಂದುಳಿದ ಜಾತಿಗಳು, ಹಿಂದುಳಿದ ಬುಡಕಟ್ಟುಗಳು. ಊರೆಂಬ ಅರ್ಥದಿಂದ ಹೊರಟ ಮಾತು ಹೀಗೆ ಜಾತಿಯ ಪಟ್ಟಿಗೆ ಬಂದು ಸೇರಿತು. ಅದೇ 1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡಕ್ಕೆ ಆ ಪದದ ಅರ್ಥ ದುಡಿಯುವ ಜನ. ಅಂಗನವಾಡಿ ಯೋಜನೆ ಹುಟ್ಟಿದ್ದೂ ಆ ವರ್ಷದ ಅಕ್ಟೋಬರ್ 2ರಂದೇ. ಕರ್ನಾಟಕದಲ್ಲಿ ಅದಕ್ಕೆ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಸ್ವಂತ ಕಟ್ಟಡವಿಲ್ಲದ ಅಂಗನವಾಡಿಗಳು ಎಷ್ಟೋ ವರ್ಷ ನಡೆದದ್ದು ಹಳ್ಳಿಯ ಭಜನೆ ಮನೆ, ಸಮುದಾಯ ಭವನಗಳಲ್ಲಿ. ಊರಿನ ಸಾರ್ವಜನಿಕ ಕಟ್ಟಡದೊಳಗೆ ಹೆಂಗಸರು ದಿನವೂ ಹೋಗಿ ಬರಲು ಒಂದು ನೆಪ ಸಿಕ್ಕಿದ್ದು ಇದರಿಂದ. ಸ್ವಸಹಾಯ ಸಂಘಗಳ ವಾರದ ಸಭೆ ಬಂದದ್ದು ಆಮೇಲೆ.

ಭವನಗಳ ಸುಗ್ಗಿ ಶುರುವಾದದ್ದು ಎಂಬತ್ತರ ದಶಕದ ಕೊನೆಗೆ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರ ಕನಸಿನ ಕೂಸಾದ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿಗಳಿಗೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಹಳ್ಳಿಯ ಮಟ್ಟಕ್ಕೆ ದುಡ್ಡು ಇಳಿಯಲು ದಾರಿಯಾಯಿತು. 73ನೇ ತಿದ್ದುಪಡಿಯ ಬೆನ್ನಿಗೇ 1993ರ ಮೇ 10ರಂದು ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ ಬಂತು. ಅದೇ ವರ್ಷದ ಡಿಸೆಂಬರ್ 23ರಂದು ಸಂಸದರ ಪ್ರದೇಶಾಭಿವೃದ್ಧಿ ನಿಧಿ ಘೋಷಣೆಯಾಯಿತು. ಮೊದಲ ವರ್ಷ ಒಬ್ಬ ಸಂಸದರಿಗೆ 5 ಲಕ್ಷ ರೂಪಾಯಿ. ಮರುವರ್ಷವೇ 1 ಕೋಟಿ, 1998-99ಕ್ಕೆ 2 ಕೋಟಿ, 2011-12ಕ್ಕೆ 5 ಕೋಟಿ. ಗುಡಿ, ಮಸೀದಿ, ಚರ್ಚುಗಳಿಗೆ ಈ ಹಣ ಕೊಡುವಂತಿಲ್ಲ, ಸಮುದಾಯ ಭವನಕ್ಕೆ ಕೊಡಬಹುದು. ಶಾಸಕರ ನಿಧಿಯೂ ಇದೇ ಹಾದಿ ಹಿಡಿಯಿತು.

ರಸ್ತೆಗೆ ಹಾಕಿದ ದುಡ್ಡು ಎರಡು ಮಳೆಗಾಲಕ್ಕೆ ಕೊಚ್ಚಿಹೋಗುತ್ತದೆ. ಭವನದ ಗೋಡೆಯ ಮೇಲಿನ ಹೆಸರು ಮುಂದಿನ ಚುನಾವಣೆಯವರೆಗಂತೂ ಉಳಿಯುತ್ತದೆ. ಜನಪ್ರತಿನಿಧಿಗಳಿಗೆ ಭವನದ ಮೇಲೆ ಯಾಕಿಷ್ಟು ಪ್ರೀತಿ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಕಟ್ಟುವುದಕ್ಕೆ ನಿರ್ಮಿತಿ ಕೇಂದ್ರವಿದೆ, ಭೂಸೇನೆಯಿದೆ. ಭೂಸೇನಾ ನಿಗಮ 2009ರಿಂದ ಕೆ.ಆರ್.ಐ.ಡಿ.ಎಲ್. ಎಂಬ ಉದ್ದ ಹೆಸರು ಹೊತ್ತಿದ್ದರೂ ಹಳ್ಳಿಯವರ ಬಾಯಲ್ಲಿ ಇನ್ನೂ ಭೂಸೇನೆಯೇ. ಅನುದಾನ ಕಂತಿನಲ್ಲಿ ಬರುವುದರಿಂದ ತಳಪಾಯಕ್ಕೆ ಒಬ್ಬರ ಹಣ, ಚಾವಣಿಗೆ ಇನ್ನೊಬ್ಬರ ಹಣ, ಕಿಟಕಿ ಬಾಗಿಲಿಗೆ ಯಾರದೂ ಇಲ್ಲ ಎನ್ನುವ ಸ್ಥಿತಿಯಲ್ಲಿ ಕಂಬಿ ತುಕ್ಕು ಹಿಡಿಯುತ್ತಾ ನಿಂತ ಭವನಗಳು ಅಪರೂಪವಲ್ಲ.

ಮದುವೆ ಮನೆಯಿಂದ ಹೊರಬಿತ್ತು

ಗ್ರಾಮಸಭೆ, ಕಣ್ಣಿನ ತಪಾಸಣೆ, ಮತಗಟ್ಟೆ ಇವೆಲ್ಲ ಭವನದಲ್ಲಿ ನಡೆಯುವುದು ಹೌದು. ಆದರೆ ಹಳ್ಳಿಯವರು ಭವನ ಬೇಕೆಂದು ಅರ್ಜಿ ಬರೆದದ್ದು ಇದಕ್ಕಲ್ಲ, ಮದುವೆಗೆ.

ಹಿಂದೆ ಮದುವೆಯೆಂದರೆ ಮನೆಯ ಮುಂದೆ ಚಪ್ಪರ. ಊರಿನ ಗಂಡಸರು ಸೇರಿ ಗಳ ಕಡಿದು, ತೆಂಗಿನ ಗರಿ ಹೊದಿಸಿ ಕಟ್ಟಿಕೊಡುತ್ತಿದ್ದರು. ಅಕ್ಕಿ ಆರಿಸುವುದು, ಮಸಾಲೆ ಅರೆಯುವುದು ಅಕ್ಕಪಕ್ಕದ ಹೆಂಗಸರ ಪಾಲು. ಪಾತ್ರೆ, ಚಾಪೆ, ಜಮಖಾನ ನಾಲ್ಕು ಮನೆಯಿಂದ. ಇಂದು ನೀನು ನನಗೆ, ನಾಳೆ ನಾನು ನಿನಗೆ ಎಂಬ ಮುಯ್ಯಿಯ ಲೆಕ್ಕ ಯಾರೂ ಬರೆದಿಡದಿದ್ದರೂ ಯಾರಿಗೂ ಮರೆಯುತ್ತಿರಲಿಲ್ಲ. ಹೊಗೆಸೊಪ್ಪಿನ ದುಡ್ಡು ಓಡಾಡತೊಡಗಿದ ಮೇಲೆ ಈ ಸೀಮೆಯಲ್ಲಿ ಮದುವೆಯೂ ಬೆಳೆಯಿತು. ಅಂಗಳದಲ್ಲಿ ಐನೂರು ಜನರಿಗೆ ಎಲೆ ಹಾಕಲಾಗುವುದಿಲ್ಲ. ಪೇಟೆಯ ಕಲ್ಯಾಣ ಮಂಟಪದ ಬಾಡಿಗೆ ಕೈಗೆಟುಕುವುದಿಲ್ಲ. ಊರಲ್ಲೇ ಒಂದು ಭವನವಿದ್ದರೆ?

ಭವನ ಬಂದ ಮೇಲೆ ಚಪ್ಪರವೇನೂ ಮಾಯವಾಗಲಿಲ್ಲ. ಶಾಸ್ತ್ರಕ್ಕೆಂದು ನಾಲ್ಕು ಕಂಬ ನೆಟ್ಟು ಮಾವಿನ ಸೊಪ್ಪು ಕಟ್ಟಿ, ಧಾರೆಗೆ ಭವನಕ್ಕೆ ಹೋಗುತ್ತಾರೆ. ಹಲವು ಭವನಗಳಲ್ಲಿ ಬಾಡೂಟಕ್ಕೆ ಅವಕಾಶವಿಲ್ಲದ್ದರಿಂದ ಬೀಗರ ಊಟ ಮಾತ್ರ ಈಗಲೂ ಮನೆಯ ಮುಂದೆ, ಇಲ್ಲವೇ ತೋಟದಲ್ಲಿ, ಶಾಮಿಯಾನದ ಕೆಳಗೆ. ಅಡುಗೆಗೆ ಅಡುಗೆಯವರು ಬಂದರು, ಬಡಿಸಲು ಹುಡುಗರು ಬಂದರು. ನೆರೆಮನೆಯವರು ದುಡಿಯಲು ಬರುವ ಬದಲು ಕವರು ಹಿಡಿದು ಊಟಕ್ಕೆ ಬರುವವರಾದರು. 2020ರ ಮೇ ತಿಂಗಳಲ್ಲಿ ಕೊರೊನಾ ಕಾರಣಕ್ಕೆ ಮದುವೆಗೆ 50 ಜನರ ಮಿತಿ ಬಂದಾಗ ಧಾರೆಯೂ ಮತ್ತೆ ಚಪ್ಪರದ ಕೆಳಕ್ಕೆ ಬಂತು. ಮಿತಿ ಹೋದೊಡನೆ ಭವನಗಳ ಬುಕಿಂಗು ಹಿಂದಿನಂತೆಯೇ.

ಹಿರಿಯರು ಮುಯ್ಯಿ ಹೋಯಿತೆಂದು ಕೊರಗುವುದು ಸಹಜ. ಅದರ ಇನ್ನೊಂದು ಮುಖವನ್ನೂ ನೋಡಬೇಕು. ಹಳೆಯ ಚಪ್ಪರದಲ್ಲಿ ಊಟಕ್ಕೆ ಪಂಕ್ತಿಯ ಲೆಕ್ಕವಿತ್ತು. ಎಲ್ಲರ ಊಟ ಮುಗಿದ ಮೇಲೆ ಚಪ್ಪರದ ಆಚೆ ಕಾದು ನಿಂತು ಬಡಿಸಿಕೊಳ್ಳಬೇಕಾದವರೂ ಇದ್ದರು. ಭವನದ ಊಟದ ಹಾಲಿನಲ್ಲಿ ಟೇಬಲ್ಲು ಸಾಲಾಗಿರುತ್ತದೆ. ಎದ್ದವರ ಜಾಗದಲ್ಲಿ ಬಂದವರು ಕೂರುತ್ತಾರೆ. ಬಡಿಸುವ ಹುಡುಗ ಬೇರೆ ಊರಿನವನು, ಯಾರು ಯಾವ ಕೇರಿ ಎಂದು ಅವನಿಗೆ ಗೊತ್ತಿಲ್ಲ. ಇದು ಎಲ್ಲೆಡೆ ಹೀಗೆಯೇ ಆಗಿದೆ ಎನ್ನುವಂತಿಲ್ಲ. ಭವನದ ಬಾಡಿಗೆ ಕಟ್ಟಲು ಹೋದವರಿಗೆ ಆ ದಿನ ಬೇರೆಯವರಿಗೆ ಕೊಟ್ಟಾಗಿದೆ ಎಂಬ ಉತ್ತರ ಸಿಗುವುದೂ ಇದೆ. ಅಂಥ ಉತ್ತರದ ಅರ್ಥ ಕೇಳಿದವನಿಗೂ ಗೊತ್ತು, ಹೇಳಿದವನಿಗೂ ಗೊತ್ತು.

ಕೇರಿಗೊಂದು ಭವನ ಬಂದದ್ದು ಈ ಹಿನ್ನೆಲೆಯಲ್ಲಿ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. 1990-91ರಲ್ಲಿ ಅಂಬೇಡ್ಕರ್ ಜನ್ಮಶತಮಾನೋತ್ಸವ ನಡೆಯಿತು. ಇದೇ ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಬದನವಾಳುವಿನಲ್ಲಿ, ದೇವಸ್ಥಾನ ಪ್ರವೇಶದ ವಿವಾದದ ನಂತರ, 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಾಯಿತು. ಊರಿನ ಸಾರ್ವಜನಿಕ ಜಾಗ ತಮಗೂ ಸೇರಿದ್ದು ಎಂದು ಕೇಳುವುದಕ್ಕೆ ತೆರಬೇಕಾದ ಬೆಲೆ ಇದಾಗಿದ್ದಾಗ, ನಮ್ಮ ಕೇರಿಗೆ ನಮ್ಮದೇ ಭವನ ಕೊಡಿ ಎಂಬ ಬೇಡಿಕೆಯಲ್ಲಿ ಆಶ್ಚರ್ಯವೇನೂ ಇಲ್ಲ. ಅಂಬೇಡ್ಕರ್ ಭವನ, ಬಾಬು ಜಗಜೀವನರಾಂ ಭವನ, ವಾಲ್ಮೀಕಿ ಭವನ, ಕನಕ ಭವನ ಎಂದು ಹೆಸರುಗಳು ಏರಿದವು. ಒಂದೇ ಊರಿನಲ್ಲಿ ಕೂಗಳತೆಯ ದೂರಕ್ಕೆ ಮೂರು ಭವನ ಇರುವುದೂ ಉಂಟು.

ಇದನ್ನು ಊರು ಒಡೆಯುವ ಕೆಲಸವೆಂದು ಟೀಕಿಸುವವರಿದ್ದಾರೆ. ಟೀಕೆಯಲ್ಲಿ ಹುರುಳಿಲ್ಲದಿಲ್ಲ, ಮೂರೂ ಭವನಗಳಿಗೆ ವರ್ಷದಲ್ಲಿ ಮುನ್ನೂರು ದಿನ ಬೀಗ. ಕಟ್ಟಲು ಸಿಗುವ ಅನುದಾನ ಸುಣ್ಣ ಬಣ್ಣಕ್ಕೆ ಸಿಗುವುದಿಲ್ಲ. ಆದರೆ ಒಡೆಯುವ ಮೊದಲು ಊರು ಒಂದಾಗಿತ್ತೆಂದು ಹೇಳಬೇಕಾದರೆ ಚಾವಡಿಯ ಕೆಳಗೆ ನಿಂತ ತೋಟಿಯನ್ನು ಲೆಕ್ಕದಿಂದ ಬಿಡಬೇಕಾಗುತ್ತದೆ. ಕೇರಿಯ ಭವನದಲ್ಲಿ ಅವನ ಮೊಮ್ಮಗಳು ಧಾರೆಗೆ ಕೂರುತ್ತಾಳೆ, ಏಪ್ರಿಲ್ 14ರಂದು ಅವನ ಮೊಮ್ಮಗ ವೇದಿಕೆ ಹತ್ತಿ ಭಾಷಣ ಮಾಡುತ್ತಾನೆ. ಭವನದ ಬೀಗದ ಕೈ ಯಾರ ಮನೆಯ ಗೂಟದಲ್ಲಿ ನೇತಾಡುತ್ತದೆ ಎಂಬುದು ಹಳ್ಳಿಯಲ್ಲಿ ಇಂದಿಗೂ ದೊಡ್ಡ ಪ್ರಶ್ನೆ.

ಕಾಡಂಚಿನ ಸಭೆ

ಹನಗೋಡಿಗೆ ಬಂದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಹುಣಸೂರು ತಾಲ್ಲೂಕಿನ ಈ ಹೋಬಳಿ ಕೇಂದ್ರ ಲಕ್ಷ್ಮಣತೀರ್ಥ ನದಿಯ ಅಣೆಕಟ್ಟೆಗೆ ಹೆಸರಾದುದು. ಒಂದು ಕಡೆ ಗದ್ದೆ, ಹೊಗೆಸೊಪ್ಪಿನ ಹೊಲ. ಇನ್ನೊಂದು ಕಡೆ ವೀರನಹೊಸಹಳ್ಳಿಯ ಆಚೆಗೆ ನಾಗರಹೊಳೆ ಕಾಡು. ಕಾಡಿನ ಒಳಗೂ ಅಂಚಿನಲ್ಲೂ ಜೇನುಕುರುಬರು, ಬೆಟ್ಟಕುರುಬರು, ಯರವರ ಹಾಡಿಗಳು. ತೊಂಬತ್ತರ ದಶಕದ ಕೊನೆಯಲ್ಲಿ ಕಾಡಿನಿಂದ ಹೊರತಂದ ಕುಟುಂಬಗಳಿಗೆ ಹನಗೋಡು ಬಳಿಯ ನಾಗಾಪುರದಲ್ಲಿ ಪುನರ್ವಸತಿ ಕೇಂದ್ರವಾಯಿತು.

ಹಾಡಿಗೆ ಚಾವಡಿ ಇರಲಿಲ್ಲ, ಪಟೇಲನೂ ಇರಲಿಲ್ಲ. ಯಜಮಾನನಿದ್ದ, ಮರವಿತ್ತು, ಗುಡಿಸಲುಗಳ ನಡುವೆ ಬಯಲಿತ್ತು. ಅಷ್ಟರಲ್ಲೇ ಮಾತು ನಡೆಯುತ್ತಿತ್ತು. ಹಾಡಿಗಳ ಮಟ್ಟಿಗೆ ಸಭೆಯೆಂಬುದು ಕಾನೂನಿನ ಸಂಗತಿಯಾದದ್ದು 2006ರ ಅರಣ್ಯ ಹಕ್ಕು ಕಾಯಿದೆಯಿಂದ. ಭೂಮಿಯ ಹಕ್ಕಿನ ಅರ್ಜಿಯನ್ನು ಮೊದಲು ಪರಿಶೀಲಿಸಬೇಕಾದದ್ದು ತಹಶೀಲ್ದಾರರಲ್ಲ, ಅರಣ್ಯಾಧಿಕಾರಿಯೂ ಅಲ್ಲ, ಗ್ರಾಮಸಭೆ. ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕಾದದ್ದೂ ಅದೇ. ಅಜ್ಜನ ಕಾಲದಿಂದ ಇಲ್ಲಿ ಉತ್ತಿದ್ದೆವು, ಇಲ್ಲಿ ಜೇನು ಕಿತ್ತಿದ್ದೆವು ಎಂದು ಹಿರಿಯರು ಹೇಳುವ ಮಾತು ಸಾಕ್ಷಿಯಾಗಿ ದಾಖಲಾಗುವುದೂ ಈ ಕಾನೂನಿನ ಕೆಳಗೇ. ಊರಿನ ಚಾವಡಿಗಳಲ್ಲಿ ಒಮ್ಮೆಯೂ ಕುಳಿತಿರದ ಜನರಿಗೆ ತಮ್ಮದೇ ಸಭೆಯ ನಡವಳಿ ಪುಸ್ತಕ ಬಂತು.

ಕಾಯಿದೆಯ 3ನೇ ಕಲಮಿನ ಎರಡನೇ ಉಪಕಲಮಿನಲ್ಲಿ ಒಂದು ಪಟ್ಟಿಯಿದೆ. ಶಾಲೆ, ಔಷಧಾಲಯ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕುಡಿಯುವ ನೀರು, ರಸ್ತೆ ಹೀಗೆ 13 ಸೌಕರ್ಯಗಳಿಗೆ ಅರಣ್ಯ ಭೂಮಿ ಬಿಟ್ಟುಕೊಡಬಹುದು. ಹದಿಮೂರನೆಯದೇ ಸಮುದಾಯ ಕೇಂದ್ರ. ಷರತ್ತುಗಳು ಮೂರು: ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆ ಶಿಫಾರಸು ಮಾಡಿರಬೇಕು. ಅಂದರೆ ಭವನ ಕಟ್ಟಿಕೊಳ್ಳಲೂ ಮೊದಲು ಸಭೆ ಸೇರಬೇಕು.

ಭವನವಿಲ್ಲದ ಹಾಡಿಗಳಲ್ಲಿ ಆ ಸಭೆಗೆ ಮರದ ನೆರಳೇ ಗತಿ. ಸಭೆಗೆ ಸೂರು ಇರಲೇಬೇಕೆಂದು ಕಾನೂನು ಕೇಳುವುದಿಲ್ಲ, ಹಾಜರಿ ಮಾತ್ರ ಕೇಳುತ್ತದೆ. 2008ರ ನಿಯಮದಂತೆ ಮೂರನೇ ಎರಡರಷ್ಟು ಸದಸ್ಯರು ಬಂದಿರಬೇಕಿತ್ತು. 2012ರ ತಿದ್ದುಪಡಿ ಅದನ್ನು ಅರ್ಧಕ್ಕೆ ಇಳಿಸಿತು. ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕೆಂಬ ಮಾತನ್ನೂ ಸೇರಿಸಿತು.